ಹಂಡೆ ಹೊತ್ತು ಕೆರೆಗಿಳಿದ ನಂಜಪ್ಪ

೧೯೪೬ರಲ್ಲಿ ನಾನು ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿ ಕೆರೆಗಳ ಓವರ್‌ಸಿಯರ್. ವಯಸ್ಸು ಇಪ್ಪತ್ತೈದು, ಕೆಲಸಕ್ಕೆ ಸೇರಿ ಮೂರನೆಯ ವರ್ಷ. ಸಾಸಲು ಹೋಬಳಿಯೂ ಸೇರಿ ಮೂವತ್ತೊಂದು ಕೆರೆಗಳು ನನ್ನ ಸುಪರ್ದಿನಲ್ಲಿದ್ದವು. ಓವರ್‌ಸಿಯರ್ ಎಂದರೆ ಎಂಜಿನಿಯರಿಗೂ ಮಣ್ಣು ಹೊರುವವನಿಗೂ ನಡುವೆ ಇರುವ ಮನುಷ್ಯ. ಏರಿಯಲ್ಲಿ ಇಲಿ ಬಿಲ ತೋಡಿದೆಯೇ, ಕೋಡಿಯ ಕಲ್ಲು ಕಿತ್ತಿದೆಯೇ, ತೂಬು ಸೋರುತ್ತಿದೆಯೇ ಎಂದು ಬೈಸಿಕಲ್ ಮೇಲೆ ಸುತ್ತಿ ನೋಡಿ, ಬರೆದು, ಮೇಲಕ್ಕೆ ಕಳಿಸುವುದು ಅವನ ಕೆಲಸ. ಮುಂದೆ ಮೂರು ದಶಕಕ್ಕೂ ಮೀರಿ ಇಲಾಖೆಯಲ್ಲಿ ದುಡಿದೆ. ದೊಡ್ಡ ಅಣೆಕಟ್ಟಿನ ಕೆಲಸವನ್ನೂ ಕಂಡೆ. ಆದರೂ ‘ನಿಮ್ಮ ಸರ್ವೀಸಿನಲ್ಲಿ ಮರೆಯಲಾರದ್ದು ಯಾವುದು?’ ಎಂದು ಯಾರಾದರೂ ಕೇಳಿದರೆ ಕಣ್ಣಿಗೆ ಕಟ್ಟುವುದು ನಲವತ್ತು ಎಕರೆಯ ಒಂದು ಹಳ್ಳಿ ಕೆರೆ, ಮತ್ತು ತಲೆಗೆ ತಾಮ್ರದ ಹಂಡೆ ಕವುಚಿಕೊಂಡು ಅದರ ತಳಕ್ಕೆ ಇಳಿದ ನನ್ನ ಗೆಳೆಯ ನಂಜಪ್ಪ.

ಮೊದಲು ಆ ಹಂಡೆಯ ಸಂಗತಿ ಹೇಳಬೇಕು.

ನಾವು ಮೂವರು ಗೆಳೆಯರು. ದೊಡ್ಡಬಳ್ಳಾಪುರದಲ್ಲಿ ನನ್ನ ಬಾಡಿಗೆ ಮನೆಯ ಪಕ್ಕದ ಮನೆಯವನು ನಂಜಪ್ಪ, ನೇಕಾರ. ನೆಲದ ಕುಳಿಯಲ್ಲಿ ಕಾಲು ಇಳಿಬಿಟ್ಟು ಕೂತು ದಿನಕ್ಕೆ ಹತ್ತು ಗಂಟೆ ಸೀರೆ ನೇಯುತ್ತಿದ್ದ. ಸಣಕಲು ಆಳು, ಮಾತು ಕಡಿಮೆ. ಮೂರನೆಯವನು ಖಲೀಲ್, ಬಸ್ ಗ್ಯಾರೇಜಿನ ಫಿಟ್ಟರ್. ಯುದ್ಧದ ವರ್ಷಗಳಲ್ಲಿ ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದುವಲ್ಲ, ಆಗ ಬಸ್ಸಿನ ಬೆನ್ನಿಗೆ ಅಂಟಿಸಿದ ಆ ಒಲೆಗಳನ್ನು ರಿಪೇರಿ ಮಾಡುವುದರಲ್ಲಿ ಅವನಿಗೆ ಹೆಸರಿತ್ತು. ಭಾನುವಾರ ಬಂತೆಂದರೆ ಮೂವರೂ ಬುತ್ತಿ ಕಟ್ಟಿಕೊಂಡು ಸಾಸಲು ಕಡೆಯ ಒಂದು ಕೆರೆಗೆ ಈಜಲು ಹೋಗುತ್ತಿದ್ದೆವು. ಆ ಊರಿನವರು ಅದನ್ನು ದೊಡ್ಡಕೆರೆ ಎಂದಷ್ಟೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಒಮ್ಮೆ ಗ್ಯಾರೇಜಿಗೆ ಬಂದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಖಲೀಲ್ ಒಂದು ಚಿತ್ರ ನೋಡಿದ. ಯಾವುದೋ ಬಂದರಿನಲ್ಲಿ ಲೋಹದ ಟೋಪಿ ಹಾಕಿಕೊಂಡು ಸಮುದ್ರಕ್ಕೆ ಇಳಿಯುವವನ ಚಿತ್ರ.

“ಇದೇನ್ ಮಹಾ ವಿದ್ಯೆ ಗುರು? ತಲೆ ಮೇಲೊಂದು ಹಂಡೆ, ಹಂಡೆ ಒಳಗೆ ಗಾಳಿ. ನಾವೂ ಮಾಡ್ಬಿಡೋಣ” ಎಂದ.

ಮಾಡಿಯೂ ಬಿಟ್ಟ. ತೂತುಬಿದ್ದ ಹಳೆಯ ತಾಮ್ರದ ಹಂಡೆಯೊಂದನ್ನು ಹೆಗಲಿಗೆ ಕೂರುವಂತೆ ಕತ್ತರಿಸಿ, ಮುಂಭಾಗಕ್ಕೆ ಬಸ್ಸಿನ ಕಿಟಕಿಯ ಗಾಜಿನ ತುಂಡು ಕೂರಿಸಿ ಬೆಸುಗೆ ಹಾಕಿದ. ನೀರು ಅದನ್ನು ಮೇಲಕ್ಕೆ ತಳ್ಳದಂತೆ ಅಂಚಿಗೆ ಸುತ್ತಲೂ ಅರವತ್ತು ಪೌಂಡು ಸೀಸ ಕಟ್ಟಿದ. ನೆತ್ತಿಯಲ್ಲಿ ಒಂದು ರಬ್ಬರ್ ಕೊಳವೆ. ಕೊಳವೆಯ ಇನ್ನೊಂದು ತುದಿಗೆ ಬಸ್ಸಿನ ಟೈರಿಗೆ ಗಾಳಿ ಹಾಕುವ ಜೋಡಿ ಕೈಪಂಪು. ಪಂಪಿಗೆ ಎಂಜಿನ್ ಎಣ್ಣೆ ಹಾಕಿದರೆ ಕೆಳಗಿದ್ದವನಿಗೆ ಅದರ ವಾಸನೆಗೇ ತಲೆ ಸುತ್ತುತ್ತದೆಂದು ಕೊಬ್ಬರಿ ಎಣ್ಣೆ ಹಾಕುತ್ತಿದ್ದ.

ಇದರ ತತ್ತ್ವ ಬಹಳ ಸರಳ. ಖಾಲಿ ಲೋಟವನ್ನು ಬೋರಲು ಹಿಡಿದು ನೀರಿನಲ್ಲಿ ಒತ್ತಿದರೆ ಒಳಗಿನ ಗಾಳಿ ಒಳಗೇ ಉಳಿಯುತ್ತದೆ. ಹಂಡೆಯೂ ಹಾಗೆಯೇ. ಮೇಲಿನಿಂದ ಗಾಳಿ ಬರುತ್ತಿರುವಷ್ಟು ಹೊತ್ತು ನೀರು ಗದ್ದದ ಕೆಳಗೇ ನಿಲ್ಲುತ್ತದೆ. ಹೆಚ್ಚಾದ ಗಾಳಿ ಅಂಚಿನಿಂದ ಗುಳುಗುಳು ಎಂದು ಹೊರಟುಹೋಗುತ್ತದೆ. ಆದರೆ ಲೋಟವನ್ನು ಓರೆ ಮಾಡಿದರೆ ಏನಾಗುತ್ತದೋ ಇಲ್ಲೂ ಅದೇ. ತಲೆ ಬಗ್ಗಿಸಿದರೆ ಗಾಳಿ ಹೊರಗೆ, ನೀರು ಒಳಗೆ. ಆದ್ದರಿಂದ ಇಳಿದವನು ನಿಂತಿರಲಿ, ಮಂಡಿಯೂರಿರಲಿ, ತಲೆಯನ್ನು ನೆಟ್ಟಗೇ ಇಟ್ಟುಕೊಂಡಿರಬೇಕು.

ನಾಲ್ಕು ಖಾಲಿ ಪೀಪಾಯಿಗಳಿಗೆ ಹಲಗೆ ಬಿಗಿದು ತೆಪ್ಪ ಮಾಡಿಕೊಂಡೆವು. ಇಳಿಯುವವನ ಸೊಂಟಕ್ಕೆ ಒಂದು ಹಗ್ಗ. ಹಗ್ಗವನ್ನು ಒಂದು ಸಲ ಜಗ್ಗಿದರೆ ‘ಚೆನ್ನಾಗಿದ್ದೇನೆ’, ಎರಡು ಸಲಕ್ಕೆ ‘ತಡಿ’, ಮೂರು ಸಲಕ್ಕೆ ‘ಮೇಲಕ್ಕೆ’. ಮೊದಲ ದಿನ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬಾಕೆ, “ಎಲ್ರೂ ಹಂಡೇಲಿ ನೀರ್ ಕಾಯ್ಸ್ಕೊಂಡು ಸ್ನಾನ ಮಾಡಿದ್ರೆ, ಇವ್ರು ಹಂಡೆ ಹೊತ್ಕೊಂಡ್ ಸ್ನಾನಕ್ಕೋಯ್ತಾವ್ರೆ ನೋಡ್ರಮ್ಮಿ” ಎಂದಾಗ ಎದ್ದ ನಗು ಏರಿಯ ಆ ತುದಿಗೂ ಕೇಳಿರಬೇಕು.

ನಾನು ಮೊದಲ ಸಲ ಇಳಿದಾಗ ಕಂಡದ್ದು ಈಗಲೂ ನೆನಪಿದೆ. ಮೇಲಿನ ಮೂರು ನಾಲ್ಕು ಅಡಿ ಬಿಸಿಲು ಸೋಸಿದಂತೆ ಹಳದಿ. ಆಮೇಲೆ ಎಳೆ ಹುಣಿಸೆ ಎಲೆಯ ಹಸಿರು. ತಳದಲ್ಲಿ ಕಾಫಿಯ ಬಣ್ಣ. ಗಾಜಿನ ಮುಂದೆ ಒಂದು ಗಿರಲು ಮೀನು ಬಂದು ನಿಂತು ನನ್ನನ್ನು ನೋಡಿತು. ಕಿವಿಯಲ್ಲಿ ಪಂಪಿನ ಟುಸ್ ಟುಸ್ ಸದ್ದು ಬಿಟ್ಟರೆ ಲೋಕವೇ ಇಲ್ಲ. ಮೂವತ್ತೊಂದು ಕೆರೆಗಳನ್ನು ಅಳೆದು ಬರೆದವನು ನಾನು. ಒಂದು ಕೆರೆಯ ಒಳಗೆ ನಿಂತದ್ದು ಅದೇ ಮೊದಲು.

ನಂಜಪ್ಪನಿಗಂತೂ ಅದು ಹುಚ್ಚೇ ಹಿಡಿಯಿತು. ನಾನು, ಖಲೀಲ್ ಹತ್ತು ನಿಮಿಷ ಇದ್ದು ಮೇಲೆ ಬಂದರೆ ಅವನು ಅರ್ಧ ಗಂಟೆ ಇರುತ್ತಿದ್ದ. ತಳದ ಕೆಸರು ಕದಡಿ ಕಣ್ಣು ಕಾಣದಂತಾದಾಗ ನಾವು ಗಾಬರಿಯಾಗುತ್ತಿದ್ದೆವು. ಅವನು ಕಣ್ಣು ಮುಚ್ಚಿಕೊಂಡು ಕೈಯಿಂದಲೇ ನೋಡುತ್ತಿದ್ದ. ಮೇಲೆ ಬಂದು, “ತೂಬಿನ ಎಡಗಡೆ ಕಂಬದ ಬುಡದಲ್ಲಿ ಏನೋ ಕೆತ್ತನೆ ಇದೆ ಕಣೋ. ಮೀನೋ, ಮೊಸಳೆಯೋ” ಎನ್ನುತ್ತಿದ್ದ. ಬೇಸಿಗೆಯಲ್ಲಿ ನೀರು ಇಳಿದಾಗ ನೋಡಿದೆ: ಮೊಸಳೆಯೇ.

ನಮ್ಮ ಈ ಆಟವನ್ನು ಏರಿಯ ಮೇಲೆ ಕುಳಿತು ನೋಡುತ್ತಿದ್ದವನು ನೀರಗಂಟಿ ಮುನಿಯಪ್ಪ. ತೂಬು ತೆಗೆದು ಮುಚ್ಚುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನಿಂತು ಹಂಚುವ ಕೆಲಸ ಅವನದು. ಅರವತ್ತು ದಾಟಿದ್ದ. “ಕೆರೆ ನೋಡೋಕೆ ಇಷ್ಟೆಲ್ಲಾ ಸಾಮಾನ್ ಯಾಕೆ ಸ್ವಾಮಿ? ಉಸ್ರು ಕಟ್ಟಿ ಮುಳುಗಿದ್ರೆ ಆಯ್ತಪ್ಪ” ಎನ್ನುತ್ತಿದ್ದ. ಆದರೂ ನಮ್ಮ ಹಂಡೆಯನ್ನೂ ಪಂಪನ್ನೂ ಪಟೇಲರ ಕೊಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಿದ್ದವನೂ ಅವನೇ.

ಡಿಸೆಂಬರ್ ಎರಡನೆಯ ವಾರದ ಶನಿವಾರ ಬೆಳಗ್ಗೆ ಮುನಿಯಪ್ಪ ನನ್ನ ಬಾಗಿಲಲ್ಲಿ ನಿಂತಿದ್ದ. ಹದಿನಾಲ್ಕು ಮೈಲಿ ನಡೆದು ಬಂದಿದ್ದ.

“ಸ್ವಾಮಿ, ತೂಬಿನ ಬಿರಡೆ ಮುರ್ದೋಯ್ತು. ಗಳ ಮಾತ್ರ ಕೈಗೆ ಬಂತು. ಕೆರೆ ಹರ್ದೋಯ್ತಾ ಐತೆ.”

ಹಳೆಯ ಕಾಲದ ತೂಬು ಹೇಗಿರುತ್ತದೆಂದು ಈಗಿನವರಿಗೆ ಹೇಳಬೇಕು. ಏರಿಯಿಂದ ಇಪ್ಪತ್ತೈದು ಅಡಿ ಒಳಗೆ, ನೀರಿನಲ್ಲಿ ಎರಡು ಕಲ್ಲುಕಂಬಗಳು, ಅವುಗಳ ತಲೆಗೆ ಒಂದು ಅಡ್ಡಕಲ್ಲು. ಕಂಬಗಳ ಬುಡದಲ್ಲಿ ಒಂದು ಹಾಸುಬಂಡೆ. ಅದರಲ್ಲಿ ಒಂದು ಗೇಣಗಲದ ತೂತು. ಆ ತೂತಿಗೆ ಮರದ ಬಿರಡೆ. ಬಿರಡೆಗೆ ಉದ್ದನೆಯ ಗಳ. ಅಡ್ಡಕಲ್ಲಿನ ಮೇಲೆ ಕೂತು ಗಳವನ್ನು ಎತ್ತಿದರೆ ನೀರು ತೂತಿಗೆ ಬಿದ್ದು, ಏರಿಯ ಅಡಿಯಲ್ಲಿರುವ ಇಟ್ಟಿಗೆಯ ಕೊಳವೆಯಲ್ಲಿ ಹರಿದು, ಆಚೆ ಬದಿಯ ಕಾಲುವೆಗೆ ಬರುತ್ತದೆ. ಶುಕ್ರವಾರ ಸಂಜೆ ಕೊನೆಯ ಗದ್ದೆಗಳಿಗೆ ನೀರು ಬಿಟ್ಟು ಮುನಿಯಪ್ಪ ಮುಚ್ಚಲು ಹೋದಾಗ ಬಿರಡೆ ಕತ್ತಿನಲ್ಲೇ ಮುರಿದಿತ್ತು.

ಹೋಗಿ ನೋಡಿದೆ. ತೂಬಿನ ಮೇಲೆ ನೀರು ಹದಿನಾಲ್ಕು ಅಡಿ. ಕಂಬಗಳ ನಡುವೆ ಒಂದು ಸುಳಿ ನಿಧಾನವಾಗಿ ತಿರುಗುತ್ತಿತ್ತು. ಆಚೆ ಬದಿಯಲ್ಲಿ ಕಾಲುವೆ ಉಕ್ಕಿ, ಕೊಯ್ದು ಹಾಕಿದ್ದ ಭತ್ತದ ಮೇಲೆ ನೀರು ನಿಂತಿತ್ತು. ಹೆಂಗಸರು ಮೊಳಕಾಲುದ್ದ ನೀರಿನಲ್ಲಿ ನಿಂತು ಭತ್ತದ ಹೊರೆಗಳನ್ನು ಎತ್ತಿ ಬದುವಿಗೆ ಹಾಕುತ್ತಿದ್ದರು. ಅಳತೆ ಮಾಡಿದೆ: ದಿನಕ್ಕೆ ಐದಂಗುಲ ಇಳಿಯುತ್ತಿತ್ತು. ನೀರು ತಗ್ಗಿದಂತೆ ಕೆರೆಯ ಅಗಲವೂ ಕುಗ್ಗುವುದರಿಂದ ಮೂರು ವಾರದಲ್ಲಿ ಕೆರೆ ಬರಿದು. ಆಮೇಲೆ ಬೇಸಿಗೆ ಬೆಳೆಯಿಲ್ಲ, ದನಕ್ಕೆ ನೀರಿಲ್ಲ, ಏರಿಯ ಕೆಳಗಿನ ಬಾವಿಗಳೂ ಒಣಗುತ್ತವೆ. ಧಾನ್ಯಕ್ಕೆ ರೇಷನ್ ಇದ್ದ ಕಾಲ. ಕೆರೆಯ ನೀರುಣ್ಣುವ ತೊಂಬತ್ತು ಎಕರೆ ಗದ್ದೆಯ ಬೆಳೆ ಎಂದರೆ ಆ ಊರಿನ ಅರ್ಧ ಹೊಟ್ಟೆ.

ಎಂಜಿನಿಯರಿಗೆ ತಂತಿ ಕೊಟ್ಟೆ. ಸೋಮವಾರ ಬರುತ್ತೇನೆ, ಅಲ್ಲಿಯವರೆಗೆ ಮರಳಿನ ಮೂಟೆ ಹಾಕಿ ತಡೆಯಿರಿ ಎಂದು ಉತ್ತರ ಬಂತು. ಮುನಿಯಪ್ಪ ತಲೆಯಾಡಿಸಿದ.

“ಮೂಟೆ ಬ್ಯಾಡಿ ಸ್ವಾಮಿ. ತೂತು ನುಂಗ್ಬುಡ್ತದೆ. ಒಳಗೋಗಿ ಕೊಳವೇಲಿ ಸಿಕ್ಕಾಕ್ಕೊಂಡ್ರೆ ಏರಿ ಅಗೀಬೇಕಾಯ್ತದೆ.”

ಅವನ ಮಾತು ನಿಜವಾಗಿತ್ತು. ಹಳೆಯ ಇಟ್ಟಿಗೆಯ ಕೊಳವೆ ನಡುವೆ ಕಟ್ಟಿಕೊಂಡರೆ ನೀರು ಪಕ್ಕಕ್ಕೆ ದಾರಿ ಹುಡುಕುತ್ತದೆ. ಏರಿಯ ಮಣ್ಣನ್ನೇ ಒಳಗಿನಿಂದ ತಿನ್ನುತ್ತದೆ.

ಅಂದು ಸಂಜೆಗೆ ಮುಂಚೆ ಊರಿನ ಬಡಗಿ ಜಾಲಿ ಮರದಲ್ಲಿ ಹೊಸ ಬಿರಡೆ ಕೆತ್ತಿ ಹೊಸ ಗಳಕ್ಕೆ ಜೋಡಿಸಿದ. ಮೇಲಿನಿಂದ ಎಷ್ಟು ಸಲ ಇಳಿಸಿದರೂ ಅದು ಕೂರಲಿಲ್ಲ. ತೂತಿನಲ್ಲಿ ಏನೋ ಅಡ್ಡವಿತ್ತು. ಮುನಿಯಪ್ಪ ಉಸಿರು ಕಟ್ಟಿ ಮುಳುಗಿದ. ಎರಡನೆಯ ಸಲ ಎದ್ದಾಗ ಅವನ ಮೈಮೇಲೆ ಪಂಚೆ ಇರಲಿಲ್ಲ. ನೀರಿನಲ್ಲೇ ನಿಂತು ಟವಲಿಗೆ ಕೈ ಚಾಚಿದ.

“ಎಳ್ಕೊಂಡ್ಬುಡ್ತು ಸ್ವಾಮಿ. ಪಂಚೆ ಬುಟ್ಟೆ, ಇಲ್ದಿದ್ರೆ ನಾನೂ ಹೋಯ್ತಿದ್ದೆ. ಮುರ್ದಿರೋ ಬಿರಡೆ ಅಲ್ಲೇ ಅಡ್ಡ ಕೂತೈತೆ. ಅದ್ನ ಕೀಳೋದ್ರಲ್ಲಿ ನನ್ ಉಸ್ರು ಮುಗಿದೋಯ್ತದೆ.”

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ನಂಜಪ್ಪ, ಖಲೀಲ್ ಎಂದಿನಂತೆ ಬುತ್ತಿ ಕಟ್ಟಿಕೊಂಡು ಬೈಸಿಕಲ್ಲಿನಲ್ಲಿ ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. ಏರಿಯ ಮೇಲೆ ಊರೇ ಸೇರಿದ್ದನ್ನು ಕಂಡು ಯಾರೋ ಮುಳುಗಿದ್ದಾರೆ ಎಂದುಕೊಂಡರಂತೆ. ನಾನು ಎಲ್ಲವನ್ನೂ ಹೇಳಿದೆ. ನಂಜಪ್ಪ ಸುಳಿಯನ್ನು ಸ್ವಲ್ಪ ಹೊತ್ತು ನೋಡಿದ.

“ಹಂಡೆ ಎಲ್ಲಿದೆ?” ಎಂದ.

“ಬೇಡ. ಅದು ನಮ್ಮ ಆಟದ ಸಾಮಾನು. ತೂತಿಗೆ ಕೈ ಸಿಕ್ಕಿದ್ರೆ ನಾಲ್ಕು ಜನ ಎಳೆದ್ರೂ ಬರೋಲ್ಲ” ಎಂದೆ.

“ಉಸಿರಿಲ್ದೆ ತಾನೆ ಮುನಿಯಪ್ಪಂಗೆ ಆಗ್ಲಿಲ್ಲ? ನಮ್ಹತ್ರ ಉಸಿರಿದೆಯಲ್ಲೋ.”

ಅವನ ಮಾತು ಸರಿಯೇ. ಆದರೆ ಅಲ್ಲಿ ಸರ್ಕಾರದ ಮನುಷ್ಯ ನಾನೊಬ್ಬನೇ. ಇಳಿಯುವುದಾದರೆ ನಾನೇ ಇಳಿಯಬೇಕು ಎಂದೆ. ಅದಕ್ಕೆ ಮುಂಚೆ ತೂತಿನ ಸೆಳೆತ ಕಡಿಮೆ ಮಾಡುವ ದಾರಿ ಯೋಚಿಸಿದೆ. ಏರಿಯ ಆಚೆ ಬದಿಯಲ್ಲಿ ನೀರು ಹೊರಬರುವ ಬಾಯಿಗೆ ದಪ್ಪ ಹಲಗೆ ಅಡ್ಡ ಹಿಡಿದರೆ ಕೊಳವೆಯಲ್ಲಿ ನೀರು ನಿಧಾನವಾಗುತ್ತದೆ. ಒಳಗಿನ ಸೆಳೆತ ತಗ್ಗುತ್ತದೆ. ಆದರೆ ಹಾಗೆ ತಡೆದ ನೀರಿನ ಒತ್ತಡ ಹಳೆಯ ಇಟ್ಟಿಗೆಗಳ ಮೇಲೆ ಬೀಳುತ್ತದೆ. ಎಷ್ಟು ಹೊತ್ತು ತಡೆದೀತು ಎಂದು ಮುನಿಯಪ್ಪನನ್ನು ಕೇಳಿದೆ.

“ಕಾಲು ಗಂಟೆ, ಅಷ್ಟೇ. ಅದ್ರ ಮೇಲೆ ದ್ಯಾವ್ರೇ ಗತಿ.”

ಎಂಟು ಜನ ಹಲಗೆ ಹಿಡಿಯಲು ನಿಂತರು. ಏರಿಯ ನೆತ್ತಿಯ ಮೇಲೆ ಪಟೇಲರು; ಆಚೆ ಬದಿಯನ್ನು ನೋಡಿ ನನಗೆ ಕೂಗಿ ಹೇಳುವುದು ಅವರ ಕೆಲಸ. ತೆಪ್ಪವನ್ನು ಕಂಬಕ್ಕೆ ಕಟ್ಟಿದೆವು. ಪಂಪಿಗೆ ಖಲೀಲ್ ಮತ್ತು ಒಬ್ಬ ಗಟ್ಟಿಮುಟ್ಟಾದ ರೈತ. ಹೊಸ ಬಿರಡೆಯ ಗಳ ಹಿಡಿದು ಮುನಿಯಪ್ಪ ಅಡ್ಡಕಲ್ಲಿನ ಮೇಲೆ ಕುಳಿತ. ಕೆಳಗಿನವನು ಗಳಕ್ಕೆ ಬಡಿದರೆ ಮುನಿಯಪ್ಪ ಅದನ್ನು ಇಳಿಸಬೇಕು ಎಂದು ಮಾತಾಯಿತು.

ಹಲಗೆ ಹಾಕಿಸಿ ನಾನು ಇಳಿದೆ. ನನ್ನ ಆ ಇಳಿತದ ಬಗ್ಗೆ ಹೆಚ್ಚು ಬರೆಯುವಂಥದ್ದೇನಿಲ್ಲ. ತಳ ಮುಟ್ಟಿದಾಗ ಎಲ್ಲ ಕೆಸರು, ಕತ್ತಲೆ. ಮಂಡಿಯೂರಿದೆ. ಕಾಲಿನ ಪಕ್ಕದಲ್ಲಿ ನೀರು ಒಂದು ಕಡೆಗೆ ಜಾರುತ್ತಿರುವುದು ಗೊತ್ತಾಯಿತು. ತೂತು ಎಲ್ಲಿದೆ ಎಂದು ನೋಡಲು, ಕಣ್ಣು ಕಾಣುವುದಿಲ್ಲವೆಂದು ತಿಳಿದಿದ್ದೂ, ತಲೆ ಬಗ್ಗಿಸಿದೆ. ಒಂದೇ ಕ್ಷಣದಲ್ಲಿ ನೀರು ಮೂಗಿಗೆ ಬಂತು. ಆಮೇಲೆ ಏನು ಮಾಡಿದೆನೋ ನೆನಪಿಲ್ಲ. ತೆಪ್ಪದ ಮೇಲೆ ಮಲಗಿ ಕೆರೆಯ ನೀರು ಕಕ್ಕುತ್ತಿದ್ದೆ. ಖಲೀಲ್ ಬೆನ್ನು ಗುದ್ದುತ್ತಿದ್ದ. ಎರಡು ನಿಮಿಷವೂ ಕೆಳಗಿರಲಿಲ್ಲವಂತೆ.

ನಾನು ಎದ್ದು ಕೂರುವಷ್ಟರಲ್ಲಿ ನಂಜಪ್ಪ ಅಂಗಿ ಬಿಚ್ಚಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಿದ್ದ.

“ನೀನು ನೋಡೋಕ್ ಹೋದೆ ಕಣೋ ವೆಂಕಟೇಶಿ. ಅಲ್ಲಿ ನೋಡೋಂಥದ್ದೇನೂ ಇಲ್ಲ. ಸಾವಿರಾರು ಎಳೇಲಿ ಒಂದು ಎಳೆ ಹರಿದ್ರೆ ನಾನೇನು ಕಣ್ಣಲ್ಲಿ ಹುಡುಕ್ತೀನಾ? ಬೆರಳಿಗೆ ಗೊತ್ತಾಗುತ್ತೆ.”

“ನಿನ್ನ ಬೆರಳೇ ನಿನ್ನ ಅನ್ನ ಕಣೋ.”

“ಅದಕ್ಕೇ ಅದನ್ನ ಹೆಂಗೆ ಕಾಪಾಡ್ಕೋಬೇಕು ಅನ್ನೋದೂ ನಂಗೇ ಗೊತ್ತು” ಎಂದ. ಖಲೀಲ್ ಹಂಡೆ ಎತ್ತಿ ಅವನ ಹೆಗಲಿಗೆ ಇಳಿಸಿದ.

ಅಷ್ಟರಲ್ಲಿ ತೆಗೆದಿದ್ದ ಹಲಗೆಯನ್ನು ಮತ್ತೆ ಹಾಕಿಸಿದೆ. ಸುಳಿ ಸಣ್ಣದಾಯಿತು. ಹತ್ತು ಗಂಟೆ ಐದು ನಿಮಿಷಕ್ಕೆ ನಂಜಪ್ಪ ನೀರಿನೊಳಗೆ ಮರೆಯಾದ. ಗುಳ್ಳೆಗಳು ಕಂಬದ ಪಕ್ಕದಲ್ಲಿ ಸಾಲಾಗಿ ಏಳತೊಡಗಿದವು. ಹಗ್ಗ ಒಂದು ಸಲ ಜಗ್ಗಿತು: ಚೆನ್ನಾಗಿದ್ದೇನೆ. ನಾನು ಕೈಗಡಿಯಾರ ನೋಡುತ್ತಾ ಕುಳಿತೆ. ಮೂರು ನಿಮಿಷ. ಐದು. ಒಂದು ಸಣ್ಣ ಮರದ ಚೂರು ತೇಲಿಬಂತು, ಹಳೆಯ ಬಿರಡೆಯದು. ಮುನಿಯಪ್ಪ, “ಕೀಳ್ತಾವ್ರೆ ಸ್ವಾಮಿ” ಎಂದ. ಏಳು. ಇನ್ನೊಂದು ಚೂರು. ಖಲೀಲನ ಮೈಯಿಂದ ಬೆವರು ಸುರಿಯುತ್ತಿತ್ತು, ಆದರೆ ಪಂಪಿನ ತಾಳ ಒಂದಿಷ್ಟೂ ತಪ್ಪಲಿಲ್ಲ.

ಹನ್ನೆರಡನೆಯ ನಿಮಿಷಕ್ಕೆ ಪಟೇಲರು ಕೂಗಿದರು.

“ಸ್ವಾಮೀ, ಏರಿ ಒದ್ದೆಯಾಗ್ತಾ ಐತೆ! ಬಾಯಿಂದ ಎರಡು ಮಾರು ಮೇಲೆ, ನೀರು ಒಸರ್ತಾ ಐತೆ!”

ನಾನು ಹೆದರಿದ್ದು ಇದಕ್ಕೇ. ಈಗ ಹಲಗೆ ತೆಗೆಸಬೇಕು. ಆದರೆ ಹಲಗೆ ತೆಗೆದ ಕೂಡಲೇ ತೂತಿನ ಸೆಳೆತ ಪೂರ್ತಿ ಮರಳುತ್ತದೆ. ನಂಜಪ್ಪನ ಕೈ ತೂತಿನಲ್ಲಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಮೊದಲು ಅವನು ಮೇಲೆ ಬರಬೇಕು. ಹಗ್ಗವನ್ನು ಮೂರು ಸಲ ಜಗ್ಗಿದೆ.

ಉತ್ತರ ಬಂತು. ಒಂದು, ಎರಡು. ತಡಿ.

ಮತ್ತೆ ಮೂರು ಸಲ ಜಗ್ಗಿದೆ. ಮತ್ತೆ ಎರಡೇ.

ನನ್ನ ಕೈ ಹಗ್ಗದ ಮೇಲೆ ಬಿಗಿಯಿತು. ತೆಪ್ಪದ ಮೇಲೆ ಮೂವರಿದ್ದೆವು. ಎಳೆದರೆ ಅವನು ಬರುತ್ತಿದ್ದ. ಹೆಗಲ ಮೇಲಿನ ಹಂಡೆ ವಾಲುತ್ತದೆ, ನೀರು ನುಗ್ಗುತ್ತದೆ, ಆದರೆ ಕ್ಷಣದಲ್ಲಿ ಮೇಲಕ್ಕೆ ತಂದುಬಿಡಬಹುದು, ಕೈ ಎಲ್ಲೂ ಸಿಕ್ಕಿಲ್ಲದಿದ್ದರೆ. ಸಿಕ್ಕಿದ್ದರೆ? ಅದು ನನಗೆ ಗೊತ್ತಿರಲಿಲ್ಲ. ಕೆಳಗಿದ್ದವನಿಗೆ ಮಾತ್ರ ಗೊತ್ತಿತ್ತು.

ಅಡ್ಡಕಲ್ಲಿನ ಮೇಲಿಂದ ಮುನಿಯಪ್ಪ ಮೆಲ್ಲಗೆ ಹೇಳಿದ: “ಎಳೀಬ್ಯಾಡಿ ಸ್ವಾಮಿ. ಕೆಳಗಿರೋನು ತಡಿ ಅಂತವ್ನೆ.”

ನಾನು ಪಟೇಲರಿಗೆ ಕೂಗಿದೆ: “ಒಸರೋ ನೀರು ತಿಳಿಯಾಗಿದೆಯೋ, ಕೆಂಪಗಿದೆಯೋ ನೋಡಿ!”

ಇದೊಂದನ್ನು ನನಗೆ ಕೆಲಸ ಕಲಿಸಿತ್ತು. ಏರಿಯಿಂದ ಒಸರುವ ನೀರು ತಿಳಿಯಾಗಿದ್ದರೆ ಅದು ಬರೀ ನೀರು. ಕೆಂಪಾದರೆ ಏರಿಯ ಮಣ್ಣು ಕರಗುತ್ತಿದೆ ಎಂದರ್ಥ.

“ತಿಳಿ ಸ್ವಾಮಿ! ಇನ್ನೂ ತಿಳೀನೇ!”

“ಕಣ್ಣು ತೆಗೀಬೇಡಿ. ಕೆಂಪಾದ ತಕ್ಷಣ ಕೂಗಿ” ಎಂದೆ. ಹಗ್ಗ ಸಡಿಲ ಬಿಟ್ಟೆ.

ಹದಿಮೂರು. ಹದಿನಾಲ್ಕು. ಏರಿಯ ಮೇಲೆ ನೂರೈವತ್ತು ಜನರಿದ್ದರು. ಕಂದುಬಣ್ಣದ ಏನೋ ಒಂದು ಉಂಡೆ ನೀರಿನಿಂದ ಮೇಲೆದ್ದು ನಿಧಾನವಾಗಿ ಬಿಚ್ಚಿಕೊಂಡಿತು. ಮುನಿಯಪ್ಪನ ಪಂಚೆ! ಯಾರೂ ನಗಲಿಲ್ಲ. ಅದರ ಹಿಂದೆಯೇ ಮುರಿದ ಬಿರಡೆಯ ದೊಡ್ಡ ತುಂಡು ಭುಸ್ಸೆಂದು ಮೇಲೆ ಬಂತು.

ಗಳಕ್ಕೆ ಬಡಿದ ಸದ್ದು. ಟಕ್.

ಮುನಿಯಪ್ಪ ಇಳಿಸಿದ. ಟಕ್. ಇನ್ನೂ ಸ್ವಲ್ಪ. ಟಕ್. ಗಳ ಅವನ ಕೈಯಲ್ಲಿ ಬಲಕ್ಕೆ ಸರಿಯಿತು, ಎಡಕ್ಕೆ ಸರಿಯಿತು. ಕೆಳಗಿನಿಂದ ಯಾರೋ ಅದನ್ನು ಸೂಜಿಗೆ ದಾರ ಪೋಣಿಸುವಂತೆ ಹೊಂದಿಸುತ್ತಿದ್ದರು. ಆಮೇಲೆ ಒಮ್ಮೆಗೇ ಗಳ ಒಂದು ಗೇಣು ಕೆಳಕ್ಕೆ ಜಿಗಿಯಿತು. ಮುನಿಯಪ್ಪ ಕೊಡತಿ ಎತ್ತಿ ಗಳದ ತಲೆಗೆ ನಾಲ್ಕು ಏಟು ಹಾಕಿದ. ಸುಳಿ ತಿರುಗುವುದನ್ನು ನಿಲ್ಲಿಸಿತು. ಕಂಬಗಳ ನಡುವೆ ನೀರು ಕನ್ನಡಿಯಂತೆ ನಿಂತಿತು.

ಆಚೆ ಬದಿಯಿಂದ ಎಂಟು ಜನರ ಕೂಗು ಕೇಳಿಸಿತು: “ನಿಂತೋಯ್ತು! ನಿಂತೋಯ್ತು!”

ಹಗ್ಗ ಮೂರು ಸಲ ಜಗ್ಗಿತು.

ಹಂಡೆ ತೆಗೆದಾಗ ನಂಜಪ್ಪನ ತುಟಿ ನೀಲಿಗಟ್ಟಿತ್ತು, ಹಲ್ಲು ಕಟಕಟ ಎನ್ನುತ್ತಿದ್ದವು. ಬಲಗೈಯ ಎರಡು ಬೆರಳುಗಳ ಚರ್ಮ ಸುಲಿದು, ಉಂಗುರದ ಬೆರಳಿನ ಉಗುರು ಕಿತ್ತುಹೋಗಿತ್ತು. ಬಿರಡೆ ಕೂರುವ ಕೊನೆಯ ಕ್ಷಣದಲ್ಲಿ ಕೈ ಹಿಂತೆಗೆಯುವುದು ಒಂದು ಕೂದಲೆಳೆಯಷ್ಟು ತಡವಾಗಿತ್ತು. “ಮುನಿಯಪ್ಪ, ನಿನ್ ಪಂಚೆ ಬಿರಡೆಗೆ ಮೂರು ಸುತ್ತು ಸುತ್ಕೊಂಡಿತ್ತು ಮಾರಾಯ” ಎಂದ. ಅಷ್ಟೇ ಅವನು ಆಡಿದ ಮಾತು. ತಲೆ ಬಗ್ಗಿಸದೆ, ಕಣ್ಣು ಕಾಣದೆ, ಕೈ ನುಂಗುವ ತೂತಿನ ಅಂಚಿನಲ್ಲಿ ಆ ಬಟ್ಟೆಯ ಗಂಟನ್ನು ಸುತ್ತು ಸುತ್ತಾಗಿ ಬಿಡಿಸಿದ್ದ. ಎಳೆದಿದ್ದರೆ ಅದು ಇನ್ನೂ ಬಿಗಿಯಾಗುತ್ತಿತ್ತಂತೆ.

ಮುನಿಯಪ್ಪ ಅಡ್ಡಕಲ್ಲಿನಿಂದ ತೆಪ್ಪಕ್ಕೆ ಇಳಿದುಬಂದ. ನಂಜಪ್ಪನ ಕೈಯನ್ನು ತನ್ನ ಕೈಗೆ ತೆಗೆದುಕೊಂಡು ಆ ಬೆರಳುಗಳನ್ನು ತಿರುಗಿಸಿ ನೋಡಿದ. ನಲವತ್ತು ವರ್ಷ ಆ ತೂಬನ್ನು ಆಳಿದವನು ಅವನು. ಅವನ ಬಾಯಿಂದ ಹೊಗಳಿಕೆ ನಾನು ಕೇಳಿದ್ದು ಅದೊಂದೇ ಸಲ.

“ನೀರಗಂಟಿ ಮನೇಲಿ ಹುಟ್ಬೇಕಾಗಿತ್ತು ಕಣಪ್ಪ ನೀನು.”

ಆ ಕೈಯಿಂದಾಗಿ ನಂಜಪ್ಪನಿಗೆ ಮೂರು ವಾರ ಮಗ್ಗದಲ್ಲಿ ಕೂರಲಾಗಲಿಲ್ಲ. ಪಟೇಲರ ಮನೆಯಿಂದಲೂ ಊರಿನ ಇತರ ಮನೆಗಳಿಂದಲೂ ರಾಗಿ, ಅವರೆಕಾಯಿ, ತುಪ್ಪ ನಂಜಪ್ಪನ ಮನೆಗೆ ಬಂದವು. ಬೇಡವೆಂದರೂ ಬಂದವು. ಮೂರು ವಾರ ಗಂಡನಿಗೆ ಕೈತುತ್ತು ಕೊಡುತ್ತಿದ್ದ ಅವನ ಹೆಂಡತಿ ನನ್ನನ್ನು ಕಂಡಾಗಲೆಲ್ಲ ಮುಖ ತಿರುಗಿಸುತ್ತಿದ್ದರು. ಅದು ನ್ಯಾಯವಾಗಿಯೇ ಇತ್ತು.

ಸೋಮವಾರ ಎಂಜಿನಿಯರ್ ಬಂದರು. ಕಟ್ಟುನಿಟ್ಟಿನ ಮನುಷ್ಯ. ಇಲಾಖೆಗೆ ಸೇರದವನನ್ನು ಯಾವ ನಿಯಮದ ಮೇಲೆ ನೀರಿಗಿಳಿಸಿದಿರಿ ಎಂದು ಕೇಳಿದರು. ಯಾವ ನಿಯಮವೂ ಇಲ್ಲ, ತಪ್ಪು ನನ್ನದೇ ಎಂದೆ. ತೂಬು ನೋಡಿದರು, ಏರಿಯ ಒದ್ದೆ ಜಾಗ ನೋಡಿದರು, ಹಂಡೆಯನ್ನು ಸುತ್ತಿ ಸುತ್ತಿ ನೋಡಿದರು. ಪಂಪಿನ ಕೊಬ್ಬರಿ ಎಣ್ಣೆಯನ್ನು ಮೂಸಿದರು. ಹೊರಡುವಾಗ ಕೋಟಿನ ಗುಂಡಿಗೆ ಕೈ ಹಾಕಿ, ತಗ್ಗಿದ ದನಿಯಲ್ಲಿ, “ಇದನ್ನು ಹಾಕಿಕೊಂಡರೆ ಮೀನು ಹತ್ತಿರ ಬರುತ್ತವಂತೆ, ನಿಜವೇ?” ಎಂದರು. ಮುಂದಿನ ಭಾನುವಾರ ಅವರೂ ಇಳಿದರು. ಎಂಟು ನಿಮಿಷ ಇದ್ದರು. ನನ್ನ ಮೇಲೆ ವರದಿ ಹೋಗಲಿಲ್ಲ. ತೂಬನ್ನು ಹೊಸದಾಗಿ ಕಟ್ಟುವ ಅಂದಾಜು ಆ ತಿಂಗಳೇ ಹೋಯಿತು.

ನಂಜಪ್ಪನ ಉಗುರು ಮತ್ತೆ ಬೆಳೆಯುತ್ತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಅವನ ಮಗ್ಗದ ಪಕ್ಕದಲ್ಲಿ ಕುಳಿತು ಕೇಳಿದೆ:

“ನಾನು ಎರಡು ಸಲ ಬಾ ಅಂದೆ. ಎರಡು ಸಲಾನೂ ನೀನು ತಡಿ ಅಂದೆ. ನಾನು ಎಳೆಯೋಲ್ಲ ಅಂತ ನಿಂಗೆ ಹೇಗೆ ಗೊತ್ತಿತ್ತು?”

ಅವನು ಹರಿದ ಎಳೆಯೊಂದನ್ನು ಗಂಟು ಹಾಕುತ್ತಿದ್ದ.

“ಗೊತ್ತಿರ್ಲಿಲ್ಲ ಕಣೋ. ಎಳೀತೀಯ ಅಂತಾನೇ ಅಂದ್ಕೊಂಡಿದ್ದೆ. ಆಗ ನನ್ನ ಕೈ ಮಣಿಕಟ್ಟಿನ ತನಕ ತೂತಿನೊಳಗಿತ್ತು.”

ಆಮೇಲೆ ನೂರಾರು ಜನರನ್ನು ಬಾವಿಗೆ, ಸುರಂಗಕ್ಕೆ, ಅಣೆಕಟ್ಟಿನ ಅಡಿಪಾಯಕ್ಕೆ ಇಳಿಸಿದ್ದೇನೆ. ಕೆಳಗಿನವರು ಕಾಣದೆ ಇದ್ದಾಗ ಮೇಲಿನವನ ಕೈ ತುರಿಸುತ್ತದೆ. ಏನಾದರೂ ಮಾಡಬೇಕು, ಎಳೆಯಬೇಕು, ಆರ್ಡರ್ ಕೊಡಬೇಕು ಅನಿಸುತ್ತದೆ. ಅದು ಹೆದರಿಕೆ, ಜವಾಬ್ದಾರಿಯ ವೇಷ ಹಾಕಿಕೊಂಡು ಬರುತ್ತದೆ ಅಷ್ಟೆ. ಮೇಲಿರುವವನ ಕೆಲಸ ಗಾಳಿ ತಪ್ಪದಂತೆ ನೋಡಿಕೊಳ್ಳುವುದು, ಏರಿಯ ನೀರು ಕೆಂಪಾಗುತ್ತಿದೆಯೇ ಎಂದು ಕಣ್ಣಿಡುವುದು. ಕೈ ಎಲ್ಲಿದೆ ಎಂದು ಬಲ್ಲವನು ಕೆಳಗಿದ್ದಾನೆ. ಅವನು ತಡಿ ಎಂದರೆ ತಡೆಯಬೇಕು.